ಚೆಂಡು ಕೊಡುವವನು

ಸೆಪ್ಟೆಂಬರ್ 5, 1967, ಮಂಗಳವಾರ

ಡಾಕ್ಟರು ದಿನವೂ ಬರೆ ಅಂದಿದ್ದಾರೆ, ಬರೆಯುತ್ತಿದ್ದೇನೆ. ಎಡ ಮೊಣಕಾಲು: ಬೆಳಿಗ್ಗೆ ಊತ, ಕಾರ್ಖಾನೆಯ ಕುಲುಮೆಯ ಪಾಳಿ ಮುಗಿಯುವ ಹೊತ್ತಿಗೆ ಇನ್ನಷ್ಟು ಊತ. ಇಷ್ಟು ಬರೆಯಲು ಒಂದು ಇಡೀ ಡೈರಿ ಕೊಳ್ಳಬೇಕಿತ್ತೇ? ಇದೇ ಕೊನೆಯ ವರ್ಷ, ಇನ್ನೊಂದು ವರ್ಷ ಈ ಅಮೆರಿಕನ್ ಫುಟ್‌ಬಾಲ್ ಆಡಿದರೆ ಕೋಲು ಹಿಡಿದೇ ಓಡಾಡಬೇಕಾಗುತ್ತದೆ ಎಂದು ಅವರು ಹೇಳುವಾಗ ನನ್ನ ಹೆಂಡತಿ ವೆರ್ನಾ ಪಕ್ಕದಲ್ಲೇ ಕೂತಿದ್ದಳು. ಅವಳು ಬೇರೆ ಏನು ಮರೆತರೂ ಇದನ್ನು ಮರೆಯುವವಳಲ್ಲ.

ಕೊನೆಯ ವರ್ಷವೇ ಆಗಲಿ. ಆದರೆ ನಮ್ಮೂರು ಹ್ಯಾರೋ ಫಾಲ್ಸ್ ತಂಡಕ್ಕೆ ಇವತ್ತಿನ ತನಕ ಲೀಗಿನ ಕಪ್ ಬಂದಿಲ್ಲ. ನಾನೂ ವಾಲ್ಟೂ ಸೇರಿ ಎರಡು ಸಲ ಫೈನಲ್ ತನಕ ಹೋಗಿ, ಎರಡು ಸಲವೂ ಬರಿಗೈಯಲ್ಲಿ ಬಂದೆವು. ಈ ಕಾಲು ಕೈಕೊಡುವ ಮುಂಚೆ ಆ ಕಪ್ಪನ್ನು ಒಂದೇ ಒಂದು ಸಲ ಎತ್ತಿ ಹಿಡಿಯಬೇಕು. ಬೇರೇನೂ ಬೇಡ.

ಅದಕ್ಕೆ ವಾಲ್ಟ್ ಬೇಕಿತ್ತು. ಹನ್ನೊಂದು ವರ್ಷ ನನ್ನ ಬೆನ್ನ ಹಿಂದೆ ನಿಂತು, ನಾನು ಕೊಟ್ಟ ಚೆಂಡು ಹಿಡಿದು ಎಸೆದ ಕ್ವಾರ್ಟರ್‌ಬ್ಯಾಕ್ ಅವನು. ನನ್ನ ಮಗಳನ್ನು ದೀಕ್ಷಾಸ್ನಾನದ ದಿನ ಎತ್ತಿಕೊಂಡವನೂ ಅವನೇ. ಕೋಚ್ ಕೊಸ್ಟಾ ಈ ಬೇಸಿಗೆಯಲ್ಲಿ ಅವನನ್ನು ಕರೆದು ನಿನ್ನ ತೋಳಲ್ಲಿ ದಮ್ಮಿಲ್ಲ ಅಂದರಂತೆ. ಅವನು ಅದೇ ವಾರ ಸೇತುವೆ ದಾಟಿ, ಹೊಳೆಯಾಚೆಯ ಲೋಗನ್ ಪಾಯಿಂಟ್ ತಂಡ ಸೇರಿಬಿಟ್ಟ. ಮನೆ ಮಾತ್ರ ನಮ್ಮ ಬೀದಿಯಲ್ಲೇ ಇದೆ.

ಅವನ ಜಾಗಕ್ಕೆ ಬಂದಿರುವ ಹುಡುಗನ ಹೆಸರು ಕರ್ಟಿಸ್ ಬೇಲ್. ಮುಖ್ಯ ಬೀದಿಯ ಷೂ ಅಂಗಡಿಯಲ್ಲಿ ಮೊಣಕಾಲೂರಿ ಹೆಂಗಸರ ಪಾದಕ್ಕೆ ಷೂ ತೊಡಿಸುವುದು ಕೆಲಸ. ಉಗುರು ನೋಡಿದೆ, ವೆರ್ನಾಳ ಉಗುರಿಗಿಂತ ಚೊಕ್ಕವಾಗಿದೆ. ಇಂಥವನ ಕೈಗೆ ಚೆಂಡು ಕೊಡಬೇಕು ನಾನು.

ಸೆಪ್ಟೆಂಬರ್ 17, ಭಾನುವಾರ

ಗೆದ್ದೆವು. ಗೆದ್ದದ್ದು ಅವನಿಂದಲ್ಲ, ಎದುರಿನವರು ಅಷ್ಟು ದಂಡಪಿಂಡಗಳಾಗಿದ್ದರು.

ನಾನು ಮಾಡುವ ಸೆಂಟರ್ ಕೆಲಸ ಕತ್ತೆಗೂ ಬರುತ್ತದೆ ಎಂದು ನೋಡುವವರು ತಿಳಿದಿದ್ದಾರೆ. ಬಗ್ಗಿ ಚೆಂಡು ಹಿಡಿದು ನಿಲ್ಲು. ಕ್ವಾರ್ಟರ್‌ಬ್ಯಾಕ್ ಹಿಂದಿನಿಂದ ಬಂದು ನಿನ್ನ ಕಾಲ ಸಂದಿಯಲ್ಲಿ ಎರಡೂ ಕೈ ಚಾಚುತ್ತಾನೆ. ಅವನು 'ಹಟ್, ಹಟ್' ಎಂದು ಕೂಗಿದಾಗ ಚೆಂಡನ್ನು ಅವನ ಅಂಗೈಗೆ ಬಡಿ. ಮರುಕ್ಷಣವೇ ಎದುರಿನ ಆನೆ ಮೈಮೇಲೆ ಬರುವುದನ್ನು ತಡೆ. ಇಷ್ಟೇ. ಆದರೆ ವಾಲ್ಟ್ ಎರಡನೇ ಹಟ್ ಬಾಯಿಂದ ಬೀಳುವ ಮುಂಚೆಯೇ ಚೆಂಡು ಬೇಕೆನ್ನುತ್ತಿದ್ದ. ಕೂಗಲು ಉಸಿರೆಳೆದುಕೊಳ್ಳುತ್ತಿದ್ದನಲ್ಲ, ಆಗಲೇ ಕೊಡಬೇಕು. ಈ ಷೂ ಅಂಗಡಿಯವನು ಕೂಗು ಮುಗಿಸಿ ಆಮೇಲೆ ಕಾಯುತ್ತಾನೆ, ಗಿರಾಕಿ ಕಾಲು ಚಾಚಲಿ ಎಂದು ಕಾಯುವ ಹಾಗೆ.

ನನ್ನನ್ನು 'ಹುಡಾಕ್ ಅವರೇ' ಎಂದು ಕರೆಯುತ್ತಾನೆ ಬೇರೆ. ನನ್ನ ಬಲಕ್ಕೆ ನಿಂತು ಆಡುವ ಲೆರಾಯ್, ಕುಲುಮೆಯಲ್ಲೂ ನನ್ನ ಪಕ್ಕದವನೇ, ಅದನ್ನು ಕೇಳಿ ಹೊಟ್ಟೆ ಹಿಡಿದುಕೊಂಡು ನಕ್ಕ. 'ನಿನಗೆ ಇಷ್ಟು ಮರ್ಯಾದೆ ಪಾದ್ರಿನೂ ಕೊಟ್ಟಿಲ್ಲ ಪೀಟ್, ಸುಮ್ಮನೆ ಇಟ್ಕೊ' ಅಂದ.

ಅಕ್ಟೋಬರ್ 8, ಭಾನುವಾರ

ಬರೆಯಲು ಮನಸ್ಸಿಲ್ಲ.

ಗೆಲ್ಲುವ ಆಟ. ಚೆಂಡು ದಾಟಿಸಬೇಕಾದ ಅವರ ಗೆರೆಗೆ ಎರಡೇ ಗಜ ಉಳಿದಿತ್ತು. ಅವನು ಹಟ್ ಅಂದ, ಉಸಿರೆಳೆದುಕೊಂಡ, ನನ್ನ ಕೈ ಚೆಂಡು ಕೊಟ್ಟುಬಿಟ್ಟಿತು. ವಾಲ್ಟ್‌ಗೆ ಕೊಡುವ ಹಾಗೆ. ಚೆಂಡು ಹುಡುಗನ ಬೆರಳ ತುದಿಗೆ ಬಡಿದು ಕೆಳಗೆ ಬಿತ್ತು, ಎದುರಿನವರು ಅದರ ಮೇಲೆ ಬಿದ್ದು ಅಪ್ಪಿಕೊಂಡರು. ಸೋತೆವು.

ಅಕ್ಟೋಬರ್ 10, ಮಂಗಳವಾರ

ಪತ್ರಿಕೆಯವರು ಚೆಂಡು ಬಿಟ್ಟದ್ದು ಕ್ವಾರ್ಟರ್‌ಬ್ಯಾಕ್ ಎಂದೇ ಬರೆದಿದ್ದಾರೆ. ಅವರ ಲೆಕ್ಕವೇ ಹಾಗೆ, ಸೆಂಟರ್ ಹೆಸರು ಎಲ್ಲೂ ಬರುವುದಿಲ್ಲ. ಹುಡುಗ ಅವರ ಹತ್ತಿರ 'ನನ್ನ ಕೈ ತಡವಾಯ್ತು' ಎಂದು ಬೇರೆ ಹೇಳಿದ್ದಾನೆ. ಯಾರು ಹೇಳು ಅಂದಿದ್ದರು ಇವನಿಗೆ? ಕೋಚ್‌ಗೆ ಗೊತ್ತು, ಲೆರಾಯ್‌ಗೆ ಗೊತ್ತು, ಅಭ್ಯಾಸದ ಹೊತ್ತಿಗೆ ಎಲ್ಲರೆದುರಿಗೆ ನಾನೇ ಹೇಳಿದೆ, ತಪ್ಪು ನನ್ನದು ಅಂತ. ಇವನು ನನ್ನ ತಲೆಯ ಮೇಲೆ ಕೊಡೆ ಹಿಡಿಯಬೇಕಾಗಿಲ್ಲ.

ಕಾರ್ಖಾನೆಯ ಗೇಟಿಗೆ ಯಾರೋ ಒಂದು ಜೊತೆ ಮಗುವಿನ ಬೂಟು ನೇತುಹಾಕಿ, ನಮ್ಮ ಕ್ವಾರ್ಟರ್‌ಬ್ಯಾಕ್‌ಗೆ ಸರಿಹೋಗುತ್ತೆ ಎಂದು ಚೀಟಿ ಅಂಟಿಸಿದ್ದರು. ಎಲ್ಲರೂ ನಕ್ಕರು, ನಾನೂ ನಕ್ಕೆ. ಆಮೇಲೆ ಊಟ ಸೇರಲಿಲ್ಲ. ಮೊಣಕಾಲಿನ ನೋವು ಹೊಟ್ಟೆಗೂ ಬಂದಿರಬೇಕು. ಪಾಳಿ ಬಿಟ್ಟು ಹೊರಡುವಾಗ ಆ ಬೂಟು ಕಿತ್ತು ಕಸದ ಡಬ್ಬಿಗೆ ಹಾಕಿದೆ. ದಾರಿಗೆ ಅಡ್ಡವಾಗಿತ್ತು.

ಇನ್ನೊಂದು ಸಲ ಹೀಗೆ ಸೋತರೆ ಹುಡುಗನನ್ನು ಮನೆಗೆ ಕಳಿಸುತ್ತೇನೆ ಎಂದು ಕೋಚ್ ಹೇಳಿದ್ದಾರೆ. ಕಳಿಸಲಿ. ವಾಲ್ಟ್‌ನ ಕಾಲು ಹಿಡಿದಾದರೂ ವಾಪಸ್ ಕರೆತರಲಿ. ವೆರ್ನಾಗೂ ಅದನ್ನೇ ಹೇಳಿದೆ. ಅವಳು ದಿನಾ ಅದೇ ಹಾಡು ಕೇಳಿ ಕೇಳಿ ಸಾಕಾಯ್ತು ಅಂದಳು.

ನವೆಂಬರ್ 4, ಶನಿವಾರ

ಮೊಣಕಾಲು ಹಾಗೇ ಇದೆ.

ಹುಡುಗ ಬಿಡುತ್ತಿಲ್ಲ. ಮೂರು ವಾರದಿಂದ ನನ್ನ ಪಾಳಿ ಮುಗಿಯುವ ಹೊತ್ತಿಗೆ ಗೇಟಿನ ಹೊರಗೆ ಚೆಂಡು ಹಿಡಿದು ನಿಂತಿರುತ್ತಾನೆ, ಅಂಗಡಿಯ ಕೋಟು, ಟೈ ಎಲ್ಲ ಹಾಗೇ. ಕಾರು ನಿಲ್ಲಿಸುವ ಜಾಗದಲ್ಲಿ ನಾನು ಬಗ್ಗುತ್ತೇನೆ, ಅವನು ಟೈ ಹೆಗಲ ಮೇಲೆ ಹಾಕಿಕೊಂಡು ಹಿಂದೆ ನಿಲ್ಲುತ್ತಾನೆ. ಮಸಿ ಹಿಡಿದ ಗಂಡಸರೆಲ್ಲ ಊಟದ ಡಬ್ಬಿ ಹಿಡಿದು ಹಾದುಹೋಗುತ್ತಾ ಸಿಳ್ಳೆ ಹಾಕುತ್ತಾರೆ. ಅವನು ಕಿವಿಗೆ ಹಾಕಿಕೊಳ್ಳುವುದಿಲ್ಲ. ಕಾಯುವುದು ಒಂದನ್ನು ಚೆನ್ನಾಗಿ ಕಲಿತಿದ್ದಾನೆ.

ಇವತ್ತು ವೆರ್ನಾ ಅವನನ್ನು ಊಟಕ್ಕೆ ಕರೆದಿದ್ದಳು. ಎಲೆಕೋಸಿನ ಸುರುಳಿ ಏಳು ತಿಂದ. ಅವಳ ಕಾಲಿನ ಆಣಿಗೆ ಯಾವ ಷೂ ಹಾಕಬೇಕು ಎಂದು ಅರ್ಧ ಗಂಟೆ ಹೇಳಿದ. ಈಗ ಮನೆಯಲ್ಲಿ ಅವನದೇ ಗುಣಗಾನ. ನನಗೇನು, ಸತತ ಮೂರು ಆಟ ಗೆದ್ದಿದ್ದೇವೆ, ಅಷ್ಟು ಸಾಕು.

ನವೆಂಬರ್ 23, ಗುರುವಾರ, ಥ್ಯಾಂಕ್ಸ್‌ಗಿವಿಂಗ್

ಭಾನುವಾರ ಸೆಮಿಫೈನಲ್, ಲೋಗನ್ ಪಾಯಿಂಟ್‌ನವರ ಮೇಲೆ, ಅವರದೇ ಮೈದಾನದಲ್ಲಿ. ಅಂದರೆ ವಾಲ್ಟ್‌ನ ಮೇಲೆ. ಅಲ್ಲಿ ಅವನನ್ನು ಆಡಿಸುವುದು ಅಷ್ಟಕ್ಕಷ್ಟೇ, ಬೆಂಚಿನ ಮೇಲೇ ಹೆಚ್ಚು ಹೊತ್ತು.

ಪ್ರತಿವರ್ಷ ನಮ್ಮ ಹಬ್ಬದೂಟದ ಟರ್ಕಿ ಕೋಳಿ ಕೊಯ್ದು ಬಡಿಸುವುದು ಅವನೇ, ಈ ಸಲ ಊಟಕ್ಕೆ ಬರಲಿಲ್ಲ. ಮಧ್ಯಾಹ್ನ ಜಗಲಿಯ ತನಕ ಬಂದು ಮಗಳಿಗೆ ಮಿಠಾಯಿ ಕೊಟ್ಟ. ಎಷ್ಟು ಖುಷಿಯಾಯಿತು ಎಂದರೆ ಕಾಲುನೋವು ಮರೆತು ಮೆಟ್ಟಿಲಿಳಿದು ಹೋದೆ. ನಿಂತೇ ಮಾತಾಡಿದೆವು. ನಮ್ಮೂರ ಗಲಾಟೆ ಏನೇನೂ ಅಲ್ಲ, ಅವರ ಜನ ಎಣ್ಣೆ ಪೀಪಾಯಿ ತಂದು ಬಡಿಯುತ್ತಾರೆ, ಹಟ್ ಅಂದದ್ದು ಪಕ್ಕದವನಿಗೂ ಕೇಳುವುದಿಲ್ಲ ಎಂದು ನಕ್ಕ. ಹೊರಡುವಾಗ ಕೇಳಿದ.

'ಗಲಾಟೆ ಇದ್ದಾಗ ಇನ್ನೂ ನಮ್ಮ ಹಳೇ ಸನ್ನೆನೇನಾ ಪೀಟ್?'

'ಇನ್ನೇನು, ನನಗೆ ಬೇರೆ ಯಾವುದು ಬರುತ್ತೆ' ಅಂದೆ.

ಆ ಸನ್ನೆ ನಾವಿಬ್ಬರೇ ಮಾಡಿಕೊಂಡದ್ದು. ಕೂಗು ಕೇಳದಿದ್ದರೆ ಕ್ವಾರ್ಟರ್‌ಬ್ಯಾಕ್ ಅಂಗೈ ಒತ್ತುತ್ತಾನೆ, ನಾನು ತಲೆ ತಗ್ಗಿಸುತ್ತೇನೆ, ಒಂದು ಎಣಿಸಿ ಚೆಂಡು ಕೊಡುತ್ತೇನೆ. ನಮ್ಮ ಸಾಲಿನವರೆಲ್ಲ ನನ್ನ ತಲೆ ನೋಡಿ ನುಗ್ಗುತ್ತಾರೆ. ಹುಡುಗನಿಗೂ ಅದನ್ನೇ ಕಲಿಸಿದ್ದೇನೆ.

ವಾಲ್ಟ್ ಮುದುಕನಾಗಿ ಕಂಡ.

ನವೆಂಬರ್ 27, ಸೋಮವಾರ

ನಿನ್ನೆ ಪೆನ್ನು ಹಿಡಿಯಲು ಕೈ ಬರಲಿಲ್ಲ. ಇವತ್ತು ಪಾಳಿಗೆ ರಜೆ ಹಾಕಿದ್ದೇನೆ. ಎಲ್ಲ ಬರೆಯಬೇಕು, ಇಲ್ಲದಿದ್ದರೆ ನಾಳೆಯಿಂದ ಊರಿನವರು ಹೇಳಿದ್ದೇ ನಿಜವಾಗಿಬಿಡುತ್ತದೆ. ಈಗಲೇ ಕ್ಷೌರದ ಅಂಗಡಿಯಲ್ಲಿ ನಾವು ಹೋದ ಎಂಬತ್ತು ಗಜ ನೂರು ಗಜವಾಗಿದೆಯಂತೆ.

ಲೋಗನ್ ಪಾಯಿಂಟ್‌ನ ಜನ ಮೈದಾನದ ಬೇಲಿಗೆ ಅಂಟಿಕೊಂಡೇ ನಿಂತಿದ್ದರು. ಪೀಪಾಯಿಯ ಸದ್ದಿಗೆ ಹಲ್ಲು ಜುಮ್ಮೆನ್ನುತ್ತಿತ್ತು. ಮೊದಲ ಸರದಿಯಿಂದಲೇ ಸನ್ನೆ ಶುರು ಮಾಡಿದೆವು. ನನ್ನ ಎದುರಿಗೆ ಡ್ಯೂಕ್ ಎಂಬ ದೈತ್ಯ, ಹೊಳೆಯಾಚೆಯ ಕಲ್ಲಿದ್ದಲ ಗಣಿಯವನು. ಆಟದುದ್ದಕ್ಕೂ ಅವನು ನನಗಿಂತ ಒಂದು ಕೂದಲೆಳೆ ಮುಂದೆ. ಚೆಂಡು ನನ್ನ ಕೈ ಬಿಡುವ ಕ್ಷಣಕ್ಕೆ ಸರಿಯಾಗಿ ಅವನ ಹೆಗಲು ನನ್ನ ಎದೆಗೆ. ಮೂಗಿನಿಂದ ರಕ್ತ, ಬಾಯಿಗೆ ಮಣ್ಣು. ಹುಡುಗನನ್ನು ನೆಲಕ್ಕೆ ಕೆಡವಿ ಕೆಡವಿ ಹಾಕಿದ. ನನಗೆ ವಯಸ್ಸಾಯಿತು, ಕಾಲು ಹೋಯಿತು, ಅದಕ್ಕೇ ಹೀಗಾಗುತ್ತಿದೆ ಅಂದುಕೊಂಡೆ. ಅವರದು ಹದಿನೇಳು, ನಮ್ಮದು ಹದಿಮೂರು. ಗಡಿಯಾರದಲ್ಲಿ ಎರಡು ನಿಮಿಷ ಚಿಲ್ಲರೆ ಉಳಿದಾಗ ಚೆಂಡು ನಮ್ಮ ಕೈಗೆ ಬಂತು, ಅವರ ಗೆರೆಗೆ ಎಂಬತ್ತು ಗಜ ದೂರದಲ್ಲಿ. ಚೆಂಡನ್ನು ಕಂಬದ ನಡುವೆ ಒದ್ದು ಮೂರು ಅಂಕ ತೆಗೆದುಕೊಂಡರೆ ಸಾಲದು, ಗೆರೆ ದಾಟಿ ಆರು ಅಂಕ ಪಡೆಯಲೇಬೇಕು. ಅವರ ಜನ ಆಗಲೇ ಟೋಪಿ ಎಸೆಯುತ್ತಿದ್ದರು.

ಮೊದಲ ಯತ್ನದಲ್ಲೇ ಡ್ಯೂಕ್ ನನ್ನನ್ನು ಅಂಗಾತ ಕೆಡವಿದ. ಮಲಗಿದ್ದಲ್ಲಿಂದ ಅವರ ಬೆಂಚು ಕಾಣಿಸಿತು. ವಾಲ್ಟ್ ಗೆರೆಯ ಅಂಚಿಗೆ ಬಂದು ಡ್ಯೂಕ್‌ನ ಕಡೆ ನೋಡುತ್ತಾ ತನ್ನ ತಲೆ ತಗ್ಗಿಸಿ, ಒಂದು ಬೆರಳೆತ್ತಿ ತೋರಿಸುತ್ತಿದ್ದ. ತಲೆ, ಒಂದು. ತಲೆ, ಒಂದು.

ಆಗ ತಿಳಿಯಿತು. ನನ್ನ ಜಗಲಿಯ ಮುಂದೆ ನಿಂತು ಕೇಳಿದ್ದು ಯಾತಕ್ಕೆ ಎಂದು. ಎದ್ದು ಹೋಗಿ ಅವನ ಕುತ್ತಿಗೆ ಹಿಡಿಯೋಣ ಅನ್ನಿಸಿತು, ಅಷ್ಟೇ ಅಳುವೂ ಬಂತು. ಇದ್ದದ್ದನ್ನು ಇದ್ದ ಹಾಗೆ ಬರೆಯುತ್ತಿದ್ದೇನೆ.

ನಾವೆಲ್ಲ ತಲೆ ಕೂಡಿಸಿ ನಿಂತಾಗ ಹುಡುಗನಿಗೆ ಹೇಳಿದೆ. 'ನನ್ನ ತಲೆ ಅವರಿಗೆ ಗೊತ್ತು. ವಾಲ್ಟ್ ಹೇಳಿಕೊಟ್ಟಿದ್ದಾನೆ. ಇನ್ನು ಸನ್ನೆ ಇಲ್ಲ, ಏನು ಮಾಡ್ತೀಯೋ ನೋಡು.'

ಬೇರೆ ಯಾರಾದರೂ ಆಗಿದ್ದರೆ ಬಾಯಿಗೆ ಬಂದದ್ದು ಬೈಯುತ್ತಿದ್ದರು. ಅವನ ತುಟಿ ಒಡೆದಿತ್ತು. ನನ್ನ ಮುಖವನ್ನೇ ನೋಡಿದ.

'ಹಾಗಾದ್ರೆ ನೀನೇ ಕೊಡು ಪೀಟ್. ನಿನಗೆ ಯಾವಾಗ ಬೇಕೋ ಆವಾಗ. ನನ್ನ ಕೈ ಅಲ್ಲೇ ಇರುತ್ತೆ.'

ಇಪ್ಪತ್ತು ವರ್ಷದಿಂದ ಆಡುತ್ತಿದ್ದೇನೆ, ನಿನಗೆ ಬೇಕಾದಾಗ ಕೊಡು ಎಂದು ಯಾವ ಕ್ವಾರ್ಟರ್‌ಬ್ಯಾಕೂ ಹೇಳಿರಲಿಲ್ಲ. ಉಳಿದವರಿಗೆ ತಲೆ ನೋಡಬೇಡಿ, ಚೆಂಡು ನೋಡಿ ಅಂದೆ.

ಒಮ್ಮೆ ಬಗ್ಗಿದ ಕೂಡಲೇ ಕೊಟ್ಟೆ, ಒಮ್ಮೆ ಎಷ್ಟೋ ಹೊತ್ತು ತಡೆದು ಕೊಟ್ಟೆ. ಪ್ರತಿ ಸಲವೂ ಅಂಗೈ ಅಲ್ಲೇ ಇತ್ತು. ಡ್ಯೂಕ್ ತಡಬಡಾಯಿಸತೊಡಗಿದ. ಹುಡುಗ ಎಡಕ್ಕೆ ಎಸೆದ, ಬಲಕ್ಕೆ ಎಸೆದ, ಒಮ್ಮೆ ತಾನೇ ಓಡಿ ಬೇಲಿಯ ಹತ್ತಿರ ಬಿದ್ದ, ಅವರ ಹೆಂಗಸೊಬ್ಬಳು ಛತ್ರಿಯಲ್ಲಿ ಬಡಿದಳು. ಮೈದಾನದ ನಡು ದಾಟಿ ಅವರ ಮೂವತ್ತನೆಯ ಗಜದ ತನಕ ಬಂದೆವು. ಅಲ್ಲಿ ಸಿಕ್ಕಿಕೊಂಡೆವು. ನಾಲ್ಕು ಯತ್ನದೊಳಗೆ ಹತ್ತು ಗಜ ಮುಂದೆ ಹೋಗಬೇಕು, ಮೂರು ಆಗಿಹೋಗಿ ನಾಲ್ಕನೆಯದು, ಕೊನೆಯದು ಉಳಿದಿತ್ತು. ಇನ್ನೂ ಮೂರು ಗಜ ಬೇಕು. ಸಿಗದಿದ್ದರೆ ಚೆಂಡು ಅವರದು, ಆಟ ಮುಗಿಯಿತು, ನನ್ನದೂ ಮುಗಿಯಿತು.

ಪೀಪಾಯಿಗಳು ಹುಚ್ಚು ಹಿಡಿದ ಹಾಗೆ ಬಡಿದುಕೊಳ್ಳುತ್ತಿದ್ದವು. ನಾನು ಹೇಳಿದೆ, ಈ ಸಲ ತಲೆ ತಗ್ಗಿಸುತ್ತೇನೆ, ಆದರೆ ಚೆಂಡು ಕೊಡುವುದಿಲ್ಲ. ಆಕಾಶ ಕೆಳಗೆ ಬಿದ್ದರೂ ಯಾರೂ ಮಿಸುಕಬೇಡಿ. ನಮ್ಮವರಲ್ಲಿ ಒಬ್ಬ ಅಲ್ಲಾಡಿದರೂ ದಂಡ ನಮಗೇ ಬೀಳುತ್ತದೆ. ಲೆರಾಯ್ ನಿನ್ನ ತಲೆ ಕೆಟ್ಟಿದೆ ಅಂದ. ಕರ್ಟಿಸ್ ಬರೀ ತಲೆಯಾಡಿಸಿದ.

ಬಗ್ಗಿ ನಿಂತೆ. ಅಂಗೈ ಒತ್ತಿತು. ಆಟವಿಡೀ ತಗ್ಗಿಸಿದ ಹಾಗೇ ತಲೆ ತಗ್ಗಿಸಿದೆ. ಒಂದು ಎಣಿಸಿದೆ. ಹನ್ನೊಂದು ವರ್ಷದ ಅಭ್ಯಾಸ, ಕೊಡು ಕೊಡು ಎಂದು ತೋಳು ಎಳೆಯುತ್ತಿತ್ತು. ಚೆಂಡನ್ನು ಹುಲ್ಲಿಗೆ ಅದುಮಿ ಹಿಡಿದೆ. ಹಿಂದಿನ ಆ ಎರಡು ಕೈ ಕಲ್ಲಿನ ಹಾಗೆ ನಿಂತಿದ್ದವು, ಒಂದು ಬೆರಳೂ ನಡುಗಲಿಲ್ಲ. ಎರಡು ಎಣಿಸುವುದರೊಳಗೆ ಡ್ಯೂಕ್ ಹಾರಿ ನನ್ನ ಮೇಲೆ ಬಿದ್ದ, ಚೆಂಡು ಇನ್ನೂ ನೆಲದ ಮೇಲೇ ಇತ್ತು.

ಚೆಂಡು ಏಳುವ ಮುಂಚೆ ನುಗ್ಗಿದ್ದಕ್ಕೆ ರೆಫರಿ ಅವರ ಮೇಲೆ ದಂಡದ ಬಾವುಟ ಎಸೆದರು. ಅವರ ಕೋಚ್ ಓಡಿಬಂದು, ಈ ಮನುಷ್ಯ ತಲೆ ಅಲ್ಲಾಡಿಸಿ ಮೋಸ ಮಾಡಿದ ಎಂದು ಕಿರುಚಿದ. ರೆಫರಿ ಶಾಂತವಾಗಿ ಹೇಳಿದರು, 'ಮಧ್ಯಾಹ್ನದಿಂದ ಹಾಗೇ ಅಲ್ಲಾಡಿಸ್ತಿದ್ದಾನೆ ಸ್ವಾಮಿ, ನಿಮ್ಮವರಿಗೆ ಈಗ ಕಂಡಿತಾ?' ಐದು ಗಜ ನಮಗೆ ಕೊಟ್ಟರು. ಮತ್ತೆ ಹೊಸದಾಗಿ ನಾಲ್ಕು ಯತ್ನ.

ವಾಲ್ಟ್‌ನ ಕಡೆ ನೋಡಬಾರದು ಅಂದುಕೊಂಡಿದ್ದೆ, ನೋಡಿದೆ. ಅವನು ಬೆಂಚಿನ ಮೇಲೆ ಕೂತು ಬೂಟು ನೋಡುತ್ತಿದ್ದ. ಅವನ ಸುತ್ತ ಯಾರೂ ಇರಲಿಲ್ಲ.

ಆಮೇಲಿನ ಎಸೆತದಲ್ಲಿ ಅವರ ಗೆರೆಗೆ ಒಂದು ಗಜ ಉಳಿಯುವ ತನಕ ಹೋದೆವು. ಆ ಎಸೆತದಲ್ಲೇ ಯಾರೋ ಕರ್ಟಿಸ್‌ನ ಬಲಗೈ ತುಳಿದರು. ತೋರುಬೆರಳೂ ನಡುಬೆರಳೂ ಸೊಟ್ಟಗಾಗಿದ್ದು ನನಗೆ ಕಂಡಿತು, ಅವನು ಕೈಯನ್ನು ತೊಡೆಯ ಹಿಂದೆ ಮರೆಸಿಕೊಂಡ. ಕೊನೆಯ ಹತ್ತು ಸೆಕೆಂಡು. ಎಸೆಯಲು ಆಗುವುದಿಲ್ಲ. 'ನಿನ್ನ ಬೆನ್ನ ಹಿಂದೇನೇ ಬರ್ತೀನಿ' ಅಂದ, ಅಷ್ಟೇ. ಚೆಂಡು ಕೊಟ್ಟೆ. ಆ ಬೆರಳಿಗೆ ಹೇಗೆ ತಾಗಿತೋ, ಹಿಂದಿನಿಂದ ಒಂದು ನರಳು ಕೇಳಿಸಿತು. ನಾನು ಡ್ಯೂಕ್‌ನ ಎದೆಗೆ ತಲೆ ಕೊಟ್ಟು ತಳ್ಳಿದೆ. ಮೊಣಕಾಲಲ್ಲಿ ಏನೋ ಚಟ್ ಅಂದಿತು, ಅನ್ನಲಿ ಬಿಡು ಎಂದು ಮತ್ತೂ ತಳ್ಳಿದೆ. ಕರ್ಟಿಸ್‌ನ ಭಾರ ನನ್ನ ಬೆನ್ನ ಮೇಲೆ ಏರಿ ಗೆರೆಯಾಚೆಗೆ ಉರುಳಿತು.

ಪೀಪಾಯಿ ನಿಂತುಹೋದವು. ಅದರಿಂದಲೇ ಗೊತ್ತಾಯಿತು ಗೆದ್ದೆವು ಎಂದು.

ನವೆಂಬರ್ 28, ಮಂಗಳವಾರ

ಮೊಣಕಾಲಿಗೆ ಪಟ್ಟಿ ಬಿಗಿದಿದ್ದಾರೆ, ಭಾನುವಾರದ ಫೈನಲ್ ಮಟ್ಟಿಗೆ ನಿಲ್ಲುತ್ತದಂತೆ. ಕರ್ಟಿಸ್‌ನ ಎರಡು ಬೆರಳಿನ ಮೂಳೆ ಮುರಿದಿದೆ.

ಕೋಚ್ ಕೊಸ್ಟಾ ಮನೆಗೇ ಬಂದಿದ್ದರು. ಲೋಗನ್ ಪಾಯಿಂಟ್‌ನವರು ಸೋಲನ್ನೆಲ್ಲ ವಾಲ್ಟ್‌ನ ತಲೆಗೆ ಕಟ್ಟಿ, ನಿನ್ನ ಸನ್ನೆ ನಂಬಿ ಕೆಟ್ಟೆವು ಎಂದು ತಂಡದಿಂದ ಬಿಟ್ಟುಬಿಟ್ಟಿದ್ದಾರಂತೆ. ಅವನು ಫೈನಲ್‌ಗೆ ನಮ್ಮ ಕಡೆ ಬರಲು ತಯಾರಿದ್ದಾನೆ, ಲೀಗಿನವರೂ ಆಗಬಹುದು ಅಂದಿದ್ದಾರೆ. ಕೋಚ್ ಟೋಪಿ ತಿರುಗಿಸುತ್ತಾ ಹೇಳಿದರು, 'ಎರಡು ಬೆರಳು ಮುರಿದ ಹುಡುಗನನ್ನ ನಿಲ್ಲಿಸೋದೋ, ನಿನ್ನ ಹಳೇ ಜೊತೆಗಾರನನ್ನೋ. ಚೆಂಡು ಕೊಡೋನು ನೀನು. ನೀನು ಯಾರು ಅಂತೀಯೋ ಅವರೇ.'

ಕಪ್ ಬೇಕಾದರೆ ವಾಲ್ಟ್ ಸರಿ. ಎಳೆ ಮಗುವಿಗೂ ಗೊತ್ತಾಗುವ ಲೆಕ್ಕ. ನಾಳೆ ಹೇಳುತ್ತೇನೆ ಅಂದೆ.

ನವೆಂಬರ್ 29, ಬುಧವಾರ

ಸಂಜೆ ವಾಲ್ಟೇ ಬಂದ. ಅಡುಗೆಮನೆಯ ಮೇಜಿನ ಹತ್ತಿರ, ತನ್ನ ಕುರ್ಚಿಯಲ್ಲೇ ಕೂತ. ವೆರ್ನಾ ಕಾಫಿ ಕೊಟ್ಟು, ಒಲೆಯ ಕಡೆ ತಿರುಗಿ ನಿಂತಳು.

'ಅವರು ಕೇಳಿದ್ರು, ಹೇಳ್ದೆ ಕಣೋ' ಅಂದ. 'ನನ್ನನ್ನ ಇಟ್ಕೊಂಡಿದ್ದೇ ಅದಕ್ಕೆ. ನನ್ನ ತೋಳು ಯಾರಿಗೆ ಬೇಕಿತ್ತು? ನನ್ನ ಜಾಗದಲ್ಲಿ ನೀನಿದ್ರೆ ಹೇಳ್ತಿರಲಿಲ್ವಾ?'

'ಹೇಳ್ತಿದ್ನೇನೋ' ಅಂದೆ. ಅದು ಸುಳ್ಳಲ್ಲ. ಹೇಳುತ್ತಿದ್ದ ಹಾಗೇ ಸಿಟ್ಟೆಲ್ಲ ಇಳಿದುಹೋಯಿತು.

'ಮತ್ತೆ? ಒಂದೇ ಒಂದು ಆಟ ಪೀಟ್. ನಾವಿಬ್ಬರೂ ಎರಡು ಸಲ ಸೋತಿದ್ದು ಮರೆತ್ಯಾ? ನೀನು ಹೂಂ ಅಂದ್ರೆ ಕೊಸ್ಟಾ ಬೇಡ ಅನ್ನಲ್ಲ.'

'ನಿನ್ನ ಲೆಕ್ಕ ನನ್ನ ಕೈಗೆ ಮರೆತುಹೋಗಿದೆ.'

'ಹನ್ನೊಂದು ವರ್ಷದ್ದು ಮೂರು ತಿಂಗಳಲ್ಲಿ ಮರೆಯುತ್ತಾ?'

'ಮರೀತು ವಾಲ್ಟ್.'

ಮರೆತಿಲ್ಲ. ಅದು ಅವನಿಗೂ ಗೊತ್ತು. ಕಾಫಿ ಮುಗಿಸಿ, ಮಗಳೆಲ್ಲಿ ಎಂದು ಕೇಳಿ, ಎದ್ದು ಹೋದ. ಬೀದಿಯ ತಿರುವಿನ ತನಕ ಕಿಟಕಿಯಿಂದ ನೋಡಿದೆ.

ವೆರ್ನಾ ಕೈ ಒರೆಸಿಕೊಳ್ಳುತ್ತಾ ಬಂದಳು. 'ಮೂರು ತಿಂಗಳಿಂದ ವಾಲ್ಟ್ ವಾಲ್ಟ್ ಅಂತ ಜಪ ಮಾಡಿ ನನ್ನ ಕಿವಿ ತೂತು ಮಾಡಿದೆ. ಈಗ ಅವನೇ ಬಾಗಿಲಿಗೆ ಬಂದ್ರೆ ಹೀಗೆ ಕಳಿಸ್ತೀಯಲ್ಲ.'

ನಾನೆಲ್ಲಿ ಜಪ ಮಾಡಿದೆ? ಯಾವತ್ತೋ ಒಂದೆರಡು ಸಲ ಹೇಳಿದ್ದಿರಬಹುದು. ಹೆಂಗಸರು ಎಲ್ಲವನ್ನೂ ದೊಡ್ಡದು ಮಾಡುತ್ತಾರೆ.

ಡಿಸೆಂಬರ್ 2, ಶನಿವಾರ

ಮೂರು ದಿನದಿಂದ ಕಾರ್ ಶೆಡ್ಡಿನಲ್ಲಿ ಅಭ್ಯಾಸ ಮಾಡುತ್ತಿದ್ದೇವೆ. ಕರ್ಟಿಸ್‌ನ ಎರಡು ಬೆರಳು ಸೇರಿಸಿ ಪಟ್ಟಿ ಸುತ್ತಿದ್ದಾರೆ. ಮೊದಲಿನ ಹಾಗೆ ಬಲಗೈ ಮೇಲಿಟ್ಟರೆ ಚೆಂಡು ನೇರ ಗಾಯಕ್ಕೇ ಬಡಿಯುತ್ತದೆ, ಅವನು ಹಲ್ಲು ಕಚ್ಚಿಕೊಂಡು ಏನೂ ಆಗಲಿಲ್ಲ ಅನ್ನುತ್ತಾನೆ. ಎಡಗೈ ಮೇಲೆ ಹಾಕಿಸಿ ನೋಡಿದೆ, ಈಗ ನಾನು ಮಣಿಕಟ್ಟು ಒಂದಿಷ್ಟು ತಿರುಗಿಸಿ ಕೊಡಬೇಕು. ನೂರು ಸಲ ಕೊಟ್ಟಿರಬಹುದು. ಮೊದಮೊದಲು ಅವನ ಉಸಿರು ಸಿಕ್ಕಿಕೊಳ್ಳುವುದು ಕೇಳಿಸುತ್ತಿತ್ತು, ಇವತ್ತು ಸಂಜೆ ಕೇಳಿಸಲಿಲ್ಲ.

ಅವನು ದೂರಕ್ಕೆ ಎಸೆಯಲಾರ. ನಾಳೆ ಎದುರಾಗುವ ತಂಡ ಈ ವರ್ಷ ಒಂದು ಆಟವನ್ನೂ ಸೋತಿಲ್ಲ. ಊರೆಲ್ಲ ನನಗೆ ಹುಚ್ಚು ಹಿಡಿದಿದೆ ಅನ್ನುತ್ತಿದೆಯಂತೆ, ಲೆರಾಯ್ ಹೇಳಿದ.

ಮೊಣಕಾಲಿನದು ಬರೆಯಲು ಮರೆತೆ. ಇದ್ದ ಹಾಗೇ ಇದೆ.

ನಾಳೆ ಅವನ ಬೆರಳಿಗೆ ತಾಗದ ಹಾಗೆ ಚೆಂಡು ಕೊಡಬೇಕು. ಉಳಿದದ್ದು ಆಮೇಲೆ ನೋಡಿಕೊಂಡರಾಯಿತು.